ಮನೆಯ ಪರದೆ: ಆಯ್ಕೆಯೂ ಅಳತೆಯೂ

— ಬಿ.ಎ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ, ಜನವಾಡ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರಷ್ಟೆ. ಆದರೆ ಕಟ್ಟಿದ ಮನೆಯ ಕಿಟಕಿಗೆ ಎಂಥ ಪರದೆ ಹಾಕಬೇಕು, ಅದಕ್ಕೆ ಎಷ್ಟು ಬಟ್ಟೆ ಬೇಕು ಎಂಬುದನ್ನು ಕುರಿತು ಅವರು ಯಾವ ಗಾದೆಯನ್ನೂ ಬಿಟ್ಟುಹೋದಂತೆ ಕಾಣುವುದಿಲ್ಲ. ರಾಷ್ಟ್ರದ ಐಕ್ಯ, ವಿದ್ಯಾರ್ಥಿಯ ಶಿಸ್ತು, ಸಾಹಿತ್ಯದ ಗುರಿ ಮುಂತಾದ ಘನವಾದ ವಿಷಯಗಳ ನಡುವೆ ಈ ಕಿಟಕಿ ಬಟ್ಟೆಯ ಮಾತೇಕೆ ಎಂದು ಗುರುಜನರು ನಕ್ಕಾರು. ನಗಲಿ. ಆದರೆ ಯಾವ ಘನವಾದ ವಿಷಯವನ್ನು ಓದಬೇಕಾದರೂ ಮನೆಯಲ್ಲಿ ಒಂದಿಷ್ಟು ಬೆಳಕು ಬೇಕು, ಒಂದಿಷ್ಟು ಮರೆಯೂ ಬೇಕು. ಇವೆರಡರ ನಡುವಿನ ಲೆಕ್ಕವನ್ನು ನೋಡಿಕೊಳ್ಳುವ ವಸ್ತುವೇ ಪರದೆ. ಆದುದರಿಂದ ಅದರ ವಿಚಾರವೂ ವಿದ್ಯಾರ್ಥಿಗಳ ವಿಚಾರವೇ ಎಂದು ನನ್ನ ನಮ್ರ ಅಭಿಪ್ರಾಯ.

ನಮ್ಮ ಬೀದರ ಸೀಮೆ ನಾಲ್ಕು ಭಾಷೆಗಳ ಸಂಗಮ. ಬೀದರಿನ ಚೌಬಾರಾದ ಸುತ್ತಿನ ಬಟ್ಟೆಯಂಗಡಿಗೆ ಹೋಗಿ ‘ಪರದೆ’ ಎನ್ನಿರಿ, ಉರ್ದುವಿನ ‘ಪರ್ದಾ’ ಎನ್ನಿರಿ, ಮರಾಠಿಯ ‘ಪಡದಾ’ ಎನ್ನಿರಿ, ತೆಲುಗಿನ ‘ತೆರ’ ಎನ್ನಿರಿ, ಅಂಗಡಿಯವನು ಒಂದೇ ಥಾನನ್ನು ನಿಮ್ಮ ಮುಂದೆ ಬಿಚ್ಚುತ್ತಾನೆ. ಕನ್ನಡದಲ್ಲಿಯೇ ತೆರೆ ಎಂಬ ಅಚ್ಚ ಮಾತು ಇದೆ. ಹಳೆಯ ಕಾವ್ಯಗಳನ್ನು ಓದಿದವರಿಗೆ ಜವನಿಕೆ ಎಂಬುದೂ ಗೊತ್ತು. ಇಷ್ಟೊಂದು ಹೆಸರುಗಳಿರುವ ವಸ್ತುವನ್ನು ಕೊಳ್ಳುವಾಗ ನಾವು ಮಾಡುವ ವಿಚಾರ ಮಾತ್ರ ಬಹಳ ಕಡಿಮೆ.

ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

“ಎಷ್ಟು ಗಜ ಕೊಡಲಿ ಅಕ್ಕಾ?”

“ನೀವೇ ನೋಡಿ ಕೊಡ್ರಿ ಅಣ್ಣಾ, ಮನಿ ಕಿಡಕಿಗಿ ಬೇಕಾಗ್ಯಾದ.”

ಕಿಟಕಿಯನ್ನು ಎಂದೂ ಕಾಣದ ಅಂಗಡಿಯವನು ಕಿಟಕಿಗೆ ಬೇಕಾದ ಬಟ್ಟೆಯನ್ನು ಹೇಳುತ್ತಾನೆ. ಕಿಟಕಿಯ ಬಳಿಯೇ ದಿನವೆಲ್ಲ ಕಳೆಯುವವಳು ಅದನ್ನು ಒಪ್ಪಿ ಹಣ ಕೊಟ್ಟು ಬರುತ್ತಾಳೆ. ಬಟ್ಟೆ ಹೆಚ್ಚಾದರೆ ದುಡ್ಡು ದಂಡ. ಕಡಿಮೆಯಾದರೆ ಮತ್ತೆ ಬಸ್ಸಿನ ಚಾರ್ಜು ಕೊಟ್ಟು ಬರಬೇಕು. ಬರುವಷ್ಟರಲ್ಲಿ ಆ ಥಾನು ಮುಗಿದಿರುತ್ತದೆ. ದಿನಗೂಲಿಯ ಮೇಲೆ ನಡೆಯುವ ಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ.

ಇನ್ನು ಕೆಲವರು ಅಳತೆಯ ಗೊಡವೆಯೇ ಬೇಡವೆಂದು ಹೊಲಿದಿಟ್ಟ ಪರದೆಗಳನ್ನು ತರುತ್ತಾರೆ. ಪೇಟೆಯಲ್ಲಿ ಇವು ಬಹುಮಟ್ಟಿಗೆ ಮೂರು ಉದ್ದಗಳಲ್ಲಿ ಸಿಗುತ್ತವೆ: ಕಿಟಕಿಗೆಂದು 5 ಅಡಿ, ಬಾಗಿಲಿಗೆಂದು 7 ಅಡಿ, ಎತ್ತರದ ಬಾಗಿಲಿಗೆಂದು 9 ಅಡಿ. ಅಗಲ ಸುಮಾರು 4 ಅಡಿ. ನಗರದ ಹೊಸ ಮನೆಗಳಿಗೆ ಈ ಅಳತೆಗಳು ಒಪ್ಪಬಹುದು. ಆದರೆ ಜನವಾಡದಂಥ ಊರಿನ ಹಳೆಯ ಮನೆಗಳನ್ನು ನೆನೆಯಿರಿ. ಕೆಂಪು ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು, ಎರಡಡಿ ಮೂರಡಿಯ ಕಿಟಕಿ. ಆ ಬಾಗಿಲಿಗೆ 7 ಅಡಿಯ ಪರದೆ ಹಾಕಿದರೆ ಅದು ಹೊಸ್ತಿಲ ಮೇಲೆ ಬಿದ್ದು ಹೊರಳುತ್ತದೆ. ಮಕ್ಕಳು ತುಳಿಯುತ್ತಾರೆ, ಮುದುಕರು ಎಡವುತ್ತಾರೆ. ಆ ಕಿಟಕಿಗೆ 5 ಅಡಿಯ ಪರದೆ ಹಾಕಿದರೆ ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಖರ್ಚಿನ ವಿಷಯದಲ್ಲಿ ಮಾತ್ರ ಹೇಳುತ್ತೇವೆ. ಕಿಟಕಿಯ ವಿಷಯದಲ್ಲಿಯೂ ಅದು ಸಲ್ಲುತ್ತದೆ.

ಆದರೆ ಅಳತೆಗಿಂತ ಮುಂಚೆ ಆಯ್ಕೆಯ ಮಾತು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದನ್ನು ನಾವು ಮನೆಯೊಳಗೂ ತಂದುಕೊಂಡಿದ್ದೇವೆ. ದೂರದರ್ಶನದ ಧಾರಾವಾಹಿಗಳಲ್ಲಿ ಕಾಣುವ ಅರಮನೆಯಂಥ ಮನೆಗಳ ಹೊಳೆಯುವ, ಭಾರವಾದ, ನೆಲ ಮುಟ್ಟುವ ಪರದೆಗಳನ್ನು ನೋಡಿ, ನಮ್ಮ ಒಂದು ಕಿಟಕಿಯ ಕೋಣೆಗೂ ಅಂಥವೇ ಬೇಕೆನ್ನುತ್ತೇವೆ. ಬೀಗರು ಬಂದಾಗ ಚೆಂದ ಕಾಣಬೇಕೆಂಬುದು ತಪ್ಪಲ್ಲ. ಆದರೆ ಬೀಗರು ವರ್ಷಕ್ಕೆ ಎರಡು ದಿನ ಇರುತ್ತಾರೆ. ಉಳಿದ ದಿನಗಳಲ್ಲಿ ಆ ಕೋಣೆಯಲ್ಲಿ ಕುಳಿತು ಅಕ್ಕಿ ಆರಿಸುವವಳು ಅಜ್ಜಿ, ಹೊಲಿಯುವವಳು ತಾಯಿ, ಓದುವವಳು ಮಗಳು. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಿಕೊಂಡು ಅವರು ಕಣ್ಣು ಕೀಲಿಸಿ ಕೂಡಬೇಕಾದರೆ ಆ ಪರದೆಯಿಂದ ಮನೆಗೆ ಬಂದ ಶೋಭೆಯಾದರೂ ಏನು? ವಿದ್ಯುತ್ತು ಹೋದ ಹೊತ್ತಿನಲ್ಲಂತೂ ಮನೆ ಗವಿಯಾಗುತ್ತದೆ.

ವಿದ್ಯಾರ್ಥಿಗೆ ಬೆಳಕು ಬೇಕೆಂಬುದು ಹೊಸ ಮಾತಲ್ಲ. ನಮ್ಮ ಬೀದರಿನಲ್ಲಿಯೇ ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ವಿದ್ಯಾಲಯ ನಿಂತಿದೆ. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಅದರ ಒಂದು ಪಾಲು ಬಿದ್ದುಹೋಯಿತು. ಉಳಿದ ಗೋಡೆಗಳನ್ನು ನೋಡಿದರೂ ಸಾಕು: ಮೂರು ಅಂತಸ್ತುಗಳಲ್ಲಿ ಸಾಲುಸಾಲಾಗಿ ಕಮಾನುಗಳು, ಅವುಗಳೊಳಗೆ ಗಾಳಿ ಬೆಳಕಿಗೆ ದಾರಿ. ಐದು ನೂರು ವರ್ಷಗಳ ಹಿಂದೆ ಓದುವವರ ಕೋಣೆಗೆ ಬೆಳಕನ್ನು ಹೀಗೆ ಯೋಚಿಸಿ ತಂದ ಊರಿನಲ್ಲಿ, ಇಂದು ನಾವು ದುಡ್ಡು ಕೊಟ್ಟು ಬೆಳಕನ್ನು ಹೊರಗೆ ಅಟ್ಟುವುದು ವಿಚಿತ್ರವೇ ಸರಿ.

ಹಾಗೆಂದು ಬಿಸಿಲಿಗೆ ಬಾಗಿಲು ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮದು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿ. ಚಳಿಗಾಲದ ಬೆಳಗು ಇಲ್ಲಿ ನಡುಗಿಸುತ್ತದೆ; ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟಿ ಸುಡುತ್ತದೆ. ಅದಕ್ಕಾಗಿಯೇ ಒಂದು ಮನೆಯ ಎಲ್ಲ ಕಿಟಕಿಗಳಿಗೂ ಒಂದೇ ಪರದೆ ಎಂಬ ನಿಯಮ ನಮಗೆ ಒಪ್ಪುವುದಿಲ್ಲ. ಉತ್ತರದ ಕಿಟಕಿಗೆ ನೇರ ಬಿಸಿಲು ವಿರಳ. ಅಲ್ಲಿ ತೆಳುವಾದ ಬಟ್ಟೆ ಸಾಕು. ಪೂರ್ವದ ಕಿಟಕಿಗೆ ಬೆಳಗಿನ ಎಳೆಬಿಸಿಲು. ಚಳಿಗಾಲದಲ್ಲಿ ಅದು ಬೇಕಾದ ಅತಿಥಿ. ಪಶ್ಚಿಮದ ಕಿಟಕಿಯೇ ಬೇಸಿಗೆಯ ವೈರಿ. ಅಲ್ಲಿ ಮಾತ್ರ ದಪ್ಪ ಬಟ್ಟೆ, ಅದೂ ಬಿಸಿಲಿಗೆ ಮುಖಮಾಡಿದ ಬದಿಯಲ್ಲಿ ಬಿಳಿಯ ಅಸ್ತರು ಇರುವುದು ಉಚಿತ; ಬಿಳುಪು ಬಿಸಿಲನ್ನು ಮರಳಿಸುತ್ತದೆ, ಕಪ್ಪು ಬಣ್ಣ ಹೀರಿಕೊಳ್ಳುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಗಾಜಿನ ಕಿಟಕಿಯ ಒಳಬದಿಯಲ್ಲಿ ಪರದೆ ಹಾಕಿದರೆ ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಅದನ್ನು ತಡೆದಂತಾಯಿತು. ಕಾವು ಅಷ್ಟರಲ್ಲಿ ಮನೆ ಹೊಕ್ಕಿರುತ್ತದೆ. ಕಳ್ಳನನ್ನು ಪಡಸಾಲೆಯಲ್ಲಿ ಹಿಡಿಯುವುದಕ್ಕಿಂತ ಅಂಗಳದಲ್ಲಿ ಹಿಡಿಯುವುದು ಮೇಲು. ಹಿಂದಿನವರು ಬಿದಿರಿನ ಚಿಕ್ಕನ್ನೋ ಲಾವಂಚದ ತಟ್ಟಿಯನ್ನೋ ಹೊರಗೆ ಕಟ್ಟುತ್ತಿದ್ದುದರ ಮರ್ಮ ಇದೇ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ, ನಮ್ಮ ಒಣ ಸೆಕೆಯಲ್ಲಿ ಆ ನೀರು ಬೇಗ ಆರುತ್ತ ಗಾಳಿಯನ್ನು ತಂಪಾಗಿಸುತ್ತದೆ. ಇಂದು ಮನೆಮನೆಗೂ ಬಂದಿರುವ ಕೂಲರು ಮಾಡುವುದೂ ಇದೇ ಕೆಲಸವನ್ನು. ಕೂಲರು ನಡೆಯುವಾಗ ಎದುರಿನ ಕಿಟಕಿ ತೆರೆದಿರಬೇಕು, ಅದರ ಪರದೆ ಸರಿದಿರಬೇಕು. ಒಳಗೆ ಬಂದ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಕೋಣೆಯಲ್ಲಿ ತಂಪಿನ ಬದಲು ಹಸಿಮುಗ್ಗು ತುಂಬುತ್ತದೆ. ಕೂಲರಿಗೆ ಸಾವಿರಾರು ರೂಪಾಯಿ ಕೊಟ್ಟು ಪರದೆಯಿಂದ ಅದರ ಉಸಿರು ಕಟ್ಟುವವರು ನಮ್ಮಲ್ಲಿ ಕಡಿಮೆಯಿಲ್ಲ.

ಬಟ್ಟೆ ಯಾವುದು ಒಳ್ಳೆಯದು? ಬೀದರ-ಔರಾದ ರಸ್ತೆಯ ಮಗ್ಗುಲಿನ ಮನೆಗಳಿಗೆ ಧೂಳೇ ನಿತ್ಯದ ನೆಂಟ. ಆದುದರಿಂದ ಮನೆಯಲ್ಲಿಯೇ ಒಗೆದು ಒಣಗಿಸಲು ಬರುವ ಬಟ್ಟೆಯೇ ನಮಗೆ ಯೋಗ್ಯ. ಪಾಲಿಯೆಸ್ಟರು ಕುಗ್ಗುವುದಿಲ್ಲ, ಬೇಗ ಆರುತ್ತದೆ, ಅಗ್ಗವೂ ಹೌದು. ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಅದು ಖಂಡಿತ ಕೂಡದು. ಅಲ್ಲಿ ಹತ್ತಿಯ ಗಿಡ್ಡ ಪರದೆ, ಅದೂ ಒಲೆಯಿಂದ ದೂರದಲ್ಲಿರಬೇಕು. ಹತ್ತಿ ಬಟ್ಟೆ ಗಾಳಿಯನ್ನು ಆಡಗೊಡುತ್ತದೆ, ಬೆಳಕನ್ನು ಹದಮಾಡಿ ಒಳಗೆ ಬಿಡುತ್ತದೆ. ಕೈಮಗ್ಗದ ಬಟ್ಟೆ ಕೊಂಡರೆ ನೇಕಾರನ ಮನೆಯ ಒಲೆಯೂ ಉರಿಯುತ್ತದೆ. ಜೇಡರ ದಾಸಿಮಯ್ಯನಂಥ ನೇಕಾರ ವಚನಕಾರ ಹುಟ್ಟಿದ ನಾಡು ಇದು. ಕೈಮಗ್ಗ ಅಭಿವೃದ್ಧಿ ನಿಗಮವನ್ನು ಸರ್ಕಾರ 1975ರಲ್ಲಿಯೇ ಸ್ಥಾಪಿಸಿದೆ. ಸೊಲ್ಲಾಪುರದ ಚಾದರವನ್ನು ಹೊದೆಯದ ಮನೆ ನಮ್ಮ ಸೀಮೆಯಲ್ಲಿ ಸಿಗುವುದು ದುರ್ಲಭ; ಹೊದಿಕೆಯಲ್ಲಿ ಗಟ್ಟಿತನವನ್ನು ಇಷ್ಟು ಬಲ್ಲ ನಾವು ಪರದೆಯಲ್ಲಿ ಹೊಳಪಿಗೆ ಮಾತ್ರ ಏಕೆ ಮರುಳಾಗಬೇಕು?

ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯಬೇಕಾದರೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಬಟ್ಟೆಯ ಮೂಲೆಯನ್ನು ಉಜ್ಜಿ ನೋಡಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಗಜಕ್ಕೆ ಒಂದೆರಡು ಅಂಗುಲ ಕುಗ್ಗುವುದುಂಟು. ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಆಮೇಲೆ ಪರದೆ ಗಿಡ್ಡಾಯಿತೆಂದು ಪೇಚಾಡಬೇಕಾಗಿಲ್ಲ. ಥಾನಿನ ಬಟ್ಟೆಯನ್ನು ಅಂಗಡಿಯ ದೀಪದಲ್ಲಿ ನೋಡಿದರೆ ಸಾಲದು; ಬಾಗಿಲಿಗೆ ತಂದು, ಬಿಸಿಲಿಗೆ ಎತ್ತಿ ಹಿಡಿದು ನೋಡಬೇಕು. ಕಿಟಕಿಯಲ್ಲಿ ಅದು ಕಾಣುವುದು ಹಾಗೆಯೇ.

ಇನ್ನು ಅಳತೆ. ಗೇಣು, ಮೊಳ, ಮಾರುಗಳಿಂದ ಅಳೆಯುವುದು ನಮ್ಮ ಹಳೆಯ ಪದ್ಧತಿ. ಹೂವಿಗೆ ಅದು ಚೆನ್ನು. ಹೂಮಾರುವವಳ ಮೊಳ ಗಿಡ್ಡವಾದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಮನೆಯಲ್ಲಿ ತಂದೆಯ ಮೊಳದಿಂದ ಅಳೆದು ಅಂಗಡಿಯಲ್ಲಿ ತಾಯಿಯ ಮೊಳದಿಂದ ಕೊಂಡರೆ ಪರದೆ ಎರಡೂ ಕಡೆ ಸಾಲದಾಗುತ್ತದೆ. ಗಜದ್ದು ಇನ್ನೊಂದು ತೊಡಕು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ 1956ನೆಯ ಇಸವಿಯಲ್ಲಿಯೇ ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆಯೂ ಆಯಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವೆಂದು ಬದಲಾದದ್ದನ್ನು ಎಲ್ಲರೂ ಒಪ್ಪಿಕೊಂಡರು; ಆದರೆ ನಾಲಗೆಯ ಮೇಲಿನ ಗಜ ಇನ್ನೂ ಹೋಗಿಲ್ಲ. ಗಜವೆಂದರೆ 36 ಅಂಗುಲ. ಮೀಟರೆಂದರೆ 39 ಅಂಗುಲಕ್ಕೂ ಹೆಚ್ಚು. ಮನೆಯಲ್ಲಿ ಹತ್ತು ಮೀಟರೆಂದು ಲೆಕ್ಕಹಾಕಿ ಅಂಗಡಿಯಲ್ಲಿ ಹತ್ತು ಗಜ ತಂದರೆ ಸುಮಾರು 85 ಸೆಂಟಿಮೀಟರು ಕಡಿಮೆ ಬೀಳುತ್ತದೆ. ಒಂದು ಕಿಟಕಿ ಅರೆಬತ್ತಲೆಯಾಗಲು ಇಷ್ಟು ಸಾಕು. ಆದ್ದರಿಂದ ಯಾವ ಅಳತೆಯಲ್ಲಿ ಲೆಕ್ಕ ಮಾಡಿದೆವೋ ಅದೇ ಅಳತೆಯಲ್ಲಿ ಬಟ್ಟೆ ಕೇಳಬೇಕು.

ಅಳೆಯುವ ಕ್ರಮವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕಿಟಕಿಯ ಅಗಲ 3 ಅಡಿ, ಎತ್ತರ 4 ಅಡಿ ಇರಲಿ. ಮೊದಲು ಸರಳು ಎಲ್ಲಿ ಕೂಡುವುದೆಂದು ನಿಶ್ಚಯಿಸಬೇಕು. ಏಕೆಂದರೆ ಪರದೆ ನೇತಾಡುವುದು ಸರಳಿಗೆ, ಕಿಟಕಿಗಲ್ಲ. ಚೌಕಟ್ಟಿನ ಎರಡೂ ಬದಿಗೆ ಆರಾರು ಅಂಗುಲ ಹೊರಚಾಚಿದರೆ ಸರಳಿನ ಉದ್ದ 48 ಅಂಗುಲ. ಹೀಗೆ ಚಾಚುವುದು ಅಂದಕ್ಕಲ್ಲ. ಪರದೆಯನ್ನು ಸರಿಸಿದಾಗ ಅದು ಗೋಡೆಯ ಮೇಲೆ ಕೂಡಬೇಕು, ಕಿಟಕಿ ಪೂರ್ತಿ ತೆರವಾಗಬೇಕು. ನೆರಿಗೆ ಬೀಳಬೇಕಾದರೆ ಬಟ್ಟೆಯ ಅಗಲ ಸರಳಿನ ಎರಡರಷ್ಟಿರಬೇಕು, ಅಂದರೆ 96 ಅಂಗುಲ. ಬಟ್ಟೆಯ ಪನ್ನ 48 ಅಂಗುಲವಾದರೆ ಎರಡು ತುಂಡು. 36 ಅಂಗುಲವಾದರೆ ಮೂರು ತುಂಡು ಬೇಕು. ಇನ್ನು ಉದ್ದ. ಸರಳು ಚೌಕಟ್ಟಿಗಿಂತ 4 ಅಂಗುಲ ಮೇಲೆ, ಪರದೆಯ ಅಂಚು ಕಿಟಕಿಯ ತಳಕ್ಕಿಂತ 6 ಅಂಗುಲ ಕೆಳಗೆ. ಕಿಟಕಿಯ 48 ಸೇರಿ 58 ಅಂಗುಲವಾಯಿತು. ಮೇಲೆ ಸರಳು ತೂರಿಸಲು 4, ಕೆಳಗೆ ಮಡಿಕೆಗೆ 4, ಕುಗ್ಗುವುದಕ್ಕೆ 3. ಒಟ್ಟು 69 ಅಂಗುಲ. ಎರಡು ತುಂಡಿಗೆ 138 ಅಂಗುಲ. ಅಂದರೆ ಮೂರೂವರೆ ಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಅಂಗಡಿಯಲ್ಲಿ 3.6 ಮೀಟರು ಕೇಳಿದರೆ ನಿಶ್ಚಿಂತೆ. ದೊಡ್ಡ ಹೂಬಳ್ಳಿಯ ಬಟ್ಟೆಯಾದರೆ ಎರಡು ತುಂಡಿನ ಹೂಗಳೂ ಒಂದೇ ಸಾಲಿಗೆ ಬರಲು ಒಂದು ಹೂವಿನ ಉದ್ದದಷ್ಟು ಹೆಚ್ಚಿಗೆ ಬೇಕು.

ಕಿಟಕಿಯನ್ನು ಒಂದೇ ಕಡೆ ಅಳೆದರೆ ಸಾಲದು. ಹಳೆಯ ಚೌಕಟ್ಟುಗಳು ಮಳೆ ಬಿಸಿಲಿಗೆ ಸೊಟ್ಟಗಾಗಿರುತ್ತವೆ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಹೆಚ್ಚಿನದನ್ನು ಹಿಡಿಯಬೇಕು. ದಪ್ಪ ಗೋಡೆಯ ಗೂಡಿನೊಳಗೇ ಸರಳು ಕೂಡಿಸುವುದಾದರೆ ಮಾತ್ರ ಕಡಿಮೆಯದನ್ನು ಹಿಡಿಯಬೇಕು, ಇಲ್ಲವಾದರೆ ಸರಳು ಒಳಗೆ ಹೋಗುವುದಿಲ್ಲ. ದರ್ಜಿಯ ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆಸಿಕೊಂಡು ಉದ್ದವಾಗಿರಬಹುದು. ಉಕ್ಕಿನ ಟೇಪಾದರೆ ಆ ಭಯವಿಲ್ಲ. ಉಕ್ಕಿನ ಬಳೆಗಳ ಪರದೆ ಹೊಲಿಸುವವರು ಬಳೆಗಳ ಸಂಖ್ಯೆ ಸಮವಾಗಿರುವಂತೆ ನೋಡಿಕೊಳ್ಳಲಿ, ಎರಡೂ ಅಂಚುಗಳು ಗೋಡೆಯ ಕಡೆಗೇ ತಿರುಗುತ್ತವೆ. ಇಷ್ಟು ಲೆಕ್ಕವನ್ನು ನಾಲ್ಕನೆಯ ತರಗತಿ ದಾಟಿದ ಯಾರೇ ಆದರೂ ಮಾಡಬಲ್ಲರು. ಬೀಜಗಣಿತದಲ್ಲಿ ಮೊದಲ ವರ್ಗ ಪಡೆದವರು ಸಹ ಮನೆಯಲ್ಲಿ ಮಾಡುವುದಿಲ್ಲ ಎಂಬುದೇ ಸೋಜಿಗ.

ಕೆಲವರೆನ್ನಬಹುದು: “ಪರದೆ ಉಳ್ಳವರ ಮಾತು. ಎರಡು ಹೊತ್ತಿನ ರೊಟ್ಟಿಗೆ ಹೆಣಗುವವರಿಗೆ ನೆರಿಗೆಯ ಲೆಕ್ಕವೇಕೆ?” ಈ ವಾದದಲ್ಲಿ ಹುರುಳಿಲ್ಲ. ಪರದೆ ನಿಜವಾಗಿ ಬೇಕಾದದ್ದು ಬಡವರಿಗೇ. ಉಳ್ಳವರ ಮನೆಯಲ್ಲಿ ಕೋಣೆಗೆ ಕೋಣೆ, ಕೋಣೆಗೆ ಬಾಗಿಲು. ಇಲ್ಲದವರ ಮನೆಯಲ್ಲಿ ಒಂದೇ ಅಂಕಣ. ಅಲ್ಲಿಯೇ ಅಡುಗೆ, ಅಲ್ಲಿಯೇ ನಿದ್ದೆ, ಅಲ್ಲಿಯೇ ನೆಂಟರು, ಅಲ್ಲಿಯೇ ಬಾಣಂತನ, ಅಲ್ಲಿಯೇ ಪರೀಕ್ಷೆಯ ಓದು. ಅಂಥ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಒಂದು ಹಳೆಯ ಸೀರೆಯೇ ಕೋಣೆ. ಗೋಣಿತಟ್ಟಿನ ಮರೆಯಲ್ಲಿ ಬಟ್ಟೆ ಬದಲಿಸುವ ಹೆಣ್ಣುಮಗಳಿಗೆ ಪರದೆ ಅಲಂಕಾರವಲ್ಲ, ಮಾನ. ಅದರ ಆಚೆ ದೀಪ ಇಟ್ಟುಕೊಂಡು ಓದುವವಳಿಗೆ ಅದು ಗ್ರಂಥಾಲಯದ ಗೋಡೆ. ಮನೆಯಲ್ಲಿ ಓದಲು ಮೂಲೆಯಿಲ್ಲದೆ ಕಾಲೇಜು ಬಿಟ್ಟ ಹುಡುಗಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಮನೆಯವರಿಗೆ ಹೊಸ ಕೋಣೆ ಕಟ್ಟಿಸುವ ಶಕ್ತಿ ಇಲ್ಲದಿರಬಹುದು. ಆರೇಳು ಮೀಟರು ಗಟ್ಟಿ ಬಟ್ಟೆ, ಒಂದು ತಂತಿ, ಎರಡು ಮೊಳೆ ತರುವ ಶಕ್ತಿ ಅನೇಕರಿಗೆ ಇದ್ದೇ ಇದೆ. ಹುಡುಗಿಯ ಓದಿಗೂ ಒಂದು ಸ್ಥಳ ಬೇಕೆಂಬುದು ಹೊಳೆಯದಿರುವುದೇ ದೊಡ್ಡ ಕೊರತೆ.

ಅಂಥ ನಡುಪರದೆ ಹಾಕುವಾಗ ಎರಡು ಮಾತು ನೆನಪಿರಲಿ. ಕಿಟಕಿ ಓದುವವರ ಪಾಲಿಗೆ ಬರುವಂತೆ ಪರದೆಯನ್ನು ಕಟ್ಟಬೇಕು. ಪರದೆ ಮಾಳಿಗೆಯವರೆಗೆ ಹೋಗದೆ ಮೇಲೆ ಒಂದಡಿ ಬಿಟ್ಟಿರಬೇಕು, ಆಗ ಗಾಳಿ ಎರಡೂ ಕಡೆ ಆಡುತ್ತದೆ.

ಇನ್ನೊಂದು ಆಕ್ಷೇಪವೂ ಬರಬಹುದು. ಪರದೆ ಎಂಬುದು ಹೆಣ್ಣನ್ನು ಮುಚ್ಚಿಡುವ ಸಾಧನವಲ್ಲವೇ, ಅದನ್ನು ಹೊಗಳುವುದೇಕೆ ಎಂದು ಸಹಪಾಠಿನಿಯರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಗೋಡೆಗೂ ಪರದೆಗೂ ಒಂದು ಭೇದವಿದೆ. ಗೋಡೆಯನ್ನು ಯಾರೂ ಸರಿಸಲಾರರು. ಪರದೆಯನ್ನು ಒಂದು ಬೆರಳಿನಿಂದ ಸರಿಸಬಹುದು. ಆ ಬೆರಳು ಯಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಳಗೆ ಕುಳಿತವಳು ತನಗೆ ಬೇಕಾದಾಗ ಎಳೆದುಕೊಂಡು, ಬೇಡವಾದಾಗ ಸರಿಸುವಂತಿದ್ದರೆ ಪರದೆ ಅವಳ ಸೇವಕ. ಹೊರಗಿನವರು “ಯಾಕ ಸರಿಸಿದಿ?” ಎಂದು ಗದರುವಂತಿದ್ದರೆ ಅದು ಬಟ್ಟೆಯಲ್ಲಿ ನೇಯ್ದ ಸೆರೆಮನೆ. ಆದುದರಿಂದ ಪರದೆಯ ಬಟ್ಟೆಯನ್ನು ಆರಿಸುವ ಹಕ್ಕು, ಸರಳಿನ ಸ್ಥಾನವನ್ನು ಹೇಳುವ ಹಕ್ಕು, ಅದನ್ನು ಸರಿಸುವ ಹಕ್ಕು ಇವು ಮೂರೂ ಆ ಕಿಟಕಿಯ ಬಳಿ ಬಾಳುವವರಿಗೇ ಸೇರಬೇಕು.

ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಹಣ ಕೊಡುವವರು ಬಣ್ಣ ಆರಿಸುತ್ತಾರೆ, ಅಂಗಡಿಯವನು ಅಳತೆ ಹೇಳುತ್ತಾನೆ, ಬೀಗರು ಮೆಚ್ಚುತ್ತಾರೆ. ಅದರ ಹಿಂದೆ ಕುಳಿತು ಕಣ್ಣು ಸವೆಸುವವರನ್ನು ಯಾರೂ ಕೇಳುವುದಿಲ್ಲ. ಮನೆಯ ಸಣ್ಣ ವಸ್ತುವಿನಲ್ಲಿ ಇಷ್ಟು ನ್ಯಾಯ ಕೊಡಲಾರದವರು ಊರಿನ, ನಾಡಿನ ದೊಡ್ಡ ನ್ಯಾಯವನ್ನು ಹೇಗೆ ತೂಗಬಲ್ಲರು?

ಸಹಪಾಠಿ ಗೆಳೆಯ ಗೆಳತಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಒಂದು ಟೇಪು ಹಿಡಿದು ನಿಮ್ಮ ಮನೆಯ ಕಿಟಕಿಗಳನ್ನು ಅಳೆಯಿರಿ. ಅಳತೆಯನ್ನು ಅಂಗುಲದಲ್ಲಿಯೂ ಸೆಂಟಿಮೀಟರಿನಲ್ಲಿಯೂ ಬರೆದಿಡಿರಿ. ಆಮೇಲೆ ತಾಯಿಯನ್ನೂ ಅಜ್ಜಿಯನ್ನೂ ತಂಗಿಯನ್ನೂ ಕೂಡಿಸಿ, ಯಾವ ಹೊತ್ತಿನಲ್ಲಿ ಯಾರಿಗೆ ಎಷ್ಟು ಬೆಳಕು ಬೇಕೆಂದು ಕೇಳಿರಿ. ಬಟ್ಟೆಯಂಗಡಿಗೆ ಹೋಗುವುದು ಅದಾದ ಮೇಲೆ. ಕಿಟಕಿಯ ಅಳತೆ ಟೇಪಿಗೆ ಗೊತ್ತು. ಮನೆಯವರ ಅಗತ್ಯದ ಅಳತೆ ಕೇಳಿದವರಿಗೆ ಮಾತ್ರ ಗೊತ್ತು. ಎರಡನ್ನೂ ತಿಳಿದು ಹಾಕಿದ ಪರದೆ ಹತ್ತಿಯದೇ ಆಗಿರಲಿ, ಹಳೆಯ ಸೀರೆಯದೇ ಆಗಿರಲಿ, ಅದೇ ಮನೆಗೆ ಭೂಷಣ.